ಕಬ್ಬಿನ ಹಸಿರು ಕಾಡಿನ ಲೆಕ್ಕಕ್ಕೆ ಬಾರದು

ಮುಧೋಳ ತಾಲೂಕಿನ ರನ್ನ ಬೆಳಗಲಿಯ ಸುತ್ತಲ ಕಬ್ಬೂ ಇಂಗಾಲ ಹೀರುತ್ತದೆ, ಆವಿ ಬಿಡುತ್ತದೆ. ಹಾಗಿರುವಾಗ ಯಡಹಳ್ಳಿ ವನ್ಯಧಾಮದ ಮುಳ್ಳುಕಂಟಿಗೇಕೆ ಇಷ್ಟು ಕಾವಲು ಎಂಬ ವಾದ ಅಚ್ಚಾಗಿದೆ. ಮೊದಲರ್ಧ ನಿಜ. ಕಬ್ಬಿನಷ್ಟು ಚುರುಕಾಗಿ ಇಂಗಾಲ ಹಿಡಿಯುವ ಬೆಳೆಗಳು ಕಡಿಮೆ. ಆದರೆ ಹಿಡಿದದ್ದು ನಿಲ್ಲುವುದೆಷ್ಟು ದಿನ? ಸಕ್ಕರೆ ನಮ್ಮ ಹೊಟ್ಟೆಯಲ್ಲಿ ಕರಗಿ, ಸಿಪ್ಪೆ ಕಾರ್ಖಾನೆಯ ಬಾಯ್ಲರಿನಲ್ಲಿ, ರವದಿ ಎಷ್ಟೋ ಕಡೆ ಹೊಲದಲ್ಲೇ ಉರಿದು, ಬಹುಪಾಲು ಬೇಗನೆ ಗಾಳಿಗೆ ಮರಳುತ್ತದೆ. ಸಿಪ್ಪೆಯಿಂದ ಕಲ್ಲಿದ್ದಲು ಉಳಿಯುತ್ತದಲ್ಲ ಎನ್ನಬಹುದು. ಅದು ವಿದ್ಯುತ್ತಿನ ಲೆಕ್ಕ, ಮಣ್ಣಿನದಲ್ಲ. ಜಾಲಿ, ಕಾರೆ ಕಂಟಿಗಳು ನಿಧಾನವಾಗಿ ಬೆಳೆದರೂ, ನೇಗಿಲು ತಾಕದ ನೆಲದಲ್ಲಿ, ಬೇರಿನಲ್ಲೂ ಬೇರಡಿಯ ಮಣ್ಣಿನಲ್ಲೂ ಇಂಗಾಲವನ್ನು ದಶಕಗಟ್ಟಲೆ ಇಟ್ಟುಕೊಳ್ಳುತ್ತವೆ.

ಇನ್ನು ಆವಿಯ ಮಾತು. ಕಬ್ಬಿಗೆ ಬೇಕಾದ ನೀರು 1500 ಮಿ.ಮೀ.ಗೂ ಮಿಗಿಲು, ಇಲ್ಲಿನ ಮಳೆ ಅದರ ಅರ್ಧವೂ ಆಗದು. ಉಳಿದದ್ದು ಘಟಪ್ರಭೆಯದು, ಕೊಳವೆಬಾವಿಯದು. ಆ ಆವಿ ಸಾಲದ ನೀರು. ಅತಿ ನೀರುಂಡ ಎರೆಭೂಮಿ ಸವುಳಾದದ್ದನ್ನು ಮುಧೋಳ, ಜಮಖಂಡಿಯ ರೈತರಿಗೆ ಹೇಳಿಕೊಡಬೇಕಿಲ್ಲ. ಕಂಟಿಕಾಡಾದರೋ ಬಿದ್ದ ಮಳೆಯಲ್ಲೇ ಬದುಕುತ್ತದೆ. ಅದರ ಅನೇಕ ಗಿಡಗಳು ಬರಗಾಲಕ್ಕೆ ಎಲೆ ಉದುರಿಸಿ ಖರ್ಚು ತಗ್ಗಿಸುತ್ತವೆ.

ಹಾಗಾದರೆ ಅಲ್ಲಿ ದಟ್ಟ ನೆಡುತೋಪು ಎಬ್ಬಿಸೋಣ ಎನ್ನುವುದೂ ಅವಸರದ ಮಾತೇ. ಹೊಸಕೋಟೆಯ ನೀಲಗಿರಿ ತೋಪಿನಲ್ಲಿ ಅಳೆದಾಗ, ಮರಗಳು ಮಳೆಗಿಂತ ಹೆಚ್ಚು ನೀರನ್ನು ನೆಲದಾಳದಿಂದ ಎಳೆದದ್ದು ಕಂಡಿತ್ತು. 2016ರಲ್ಲಿ ಯಡಹಳ್ಳಿ ವನ್ಯಧಾಮವಾದದ್ದು ಚಿಂಕಾರ ಹುಲ್ಲೆಗಳಿಗಾಗಿ; ಅವುಗಳಿಗೆ ಬೇಕಾದದ್ದು ತೋಪಲ್ಲ, ಬಯಲು ಬೆರೆತ ಈ ಕಂಟಿಯೇ.