ಒಂದ್ಸಲ ರಿಜೆಕ್ಟ್ ಆದ್ರೆ ಕಥೆ ಮುಗೀತಾ?

ಕರ್ಲಿಂಗ್ ಅಂದ್ರೆ ನಮ್ಮಲ್ಲಿ ಹಲವರಿಗೆ ನೆನಪಾಗೋದು ಐಸ್ ಗುಡಿಸೋ ಮೀಮ್‌ಗಳು ಮಾತ್ರ. ಆದರೆ ಸುಮಾರು 20 ಕೆಜಿ ತೂಕದ ಗ್ರಾನೈಟ್ ಕಲ್ಲನ್ನು ಜಾರಿಬಿಟ್ಟು, ಅದರ ಮುಂದೆ ಐಸ್ ಉಜ್ಜಿ ಘರ್ಷಣೆ ಕಡಿಮೆ ಮಾಡಿ, ಬೇಕಾದ ಜಾಗದಲ್ಲೇ ನಿಲ್ಲಿಸೋದು ತಮಾಷೆ ಅಲ್ಲ. ಈ ಆಟದ ಜಾನ್ ಶೂಸ್ಟರ್ ಕಥೆ ನಮ್ಮ ಕಾಲೇಜಿನ ಪ್ರತಿ ಟೆಕ್ನಿಕಲ್ ಕ್ಲಬ್ಬಿಗೂ ಗೊತ್ತಿರಬೇಕು.

ಅಮೆರಿಕದ ಶೂಸ್ಟರ್ 2006ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 2010ರಲ್ಲಿ ಅವರೇ ನಾಯಕ, ತಂಡಕ್ಕೆ 10ರಲ್ಲಿ ಹತ್ತನೇ ಸ್ಥಾನ. 2014ರಲ್ಲಿ ಒಂಬತ್ತನೇ ಸ್ಥಾನ. ಆಮೇಲೆ ಅಲ್ಲಿನ ಕರ್ಲಿಂಗ್ ಸಂಸ್ಥೆ ತನ್ನ ವಿಶೇಷ ತರಬೇತಿ ಪಟ್ಟಿಯಿಂದ ಅವರನ್ನು ಕೈಬಿಟ್ಟಿತು. ಶೂಸ್ಟರ್ ಪಟ್ಟಿಯ ಹೊರಗೇ ತಂಡ ಕಟ್ಟಿದರು. ಆ ತಂಡ 2015ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯ್ತು. 2018ರ ಒಲಿಂಪಿಕ್ಸ್‌ನಲ್ಲಿ ಮೊದಲ ಆರು ಪಂದ್ಯಗಳಲ್ಲಿ ನಾಲ್ಕು ಸೋತರೂ ಫೈನಲ್ ತಲುಪಿದರು. ಸ್ವೀಡನ್ ಎದುರು 5-5 ಸಮ ಇದ್ದಾಗ ಒಂದೇ ಎಂಡ್‌ನಲ್ಲಿ 5 ಅಂಕ! ಕೊನೆಗೆ 10-7. ಕರ್ಲಿಂಗ್‌ನಲ್ಲಿ ಅಮೆರಿಕಕ್ಕೆ ಅದೇ ಮೊದಲ ಚಿನ್ನ.

'ಛಲ ಬಿಡಬೇಡಿ' ಅಂತ ಸ್ಟೇಟಸ್ ಹಾಕಿ ಇದನ್ನ ಮುಗಿಸಿಬಿಡೋದು ಸುಲಭ. ನಮಗೆ ಕಾಣೋದು ಬೇರೆ. ಛಲ ಇತ್ತು ನಿಜ, ಆದರೆ ಬಾಗಿಲೂ ತೆರೆದಿತ್ತು. ಪಟ್ಟಿಯಲ್ಲಿ ಇಲ್ಲದವರೂ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಡಬಹುದಿತ್ತು. ಆ ಒಂದು ನಿಯಮ ಇಲ್ಲದಿದ್ದರೆ ಛಲ ಮನೇಲೇ ಕೂತಿರ್ತಿತ್ತು.

ನಮ್ಮಲ್ಲಿ ಏನಾಗ್ತಿದೆ? ಮೊದಲ ವರ್ಷ, ಊರು ಬಿಟ್ಟು ಬಂದು ಹಾಸ್ಟೆಲ್ ಊಟಕ್ಕೇ ಒಗ್ಗಿರಲ್ಲ, ಆಗ ಹತ್ತು ನಿಮಿಷದ ಇಂಟರ್ವ್ಯೂ. ಅದರಲ್ಲಿ ಇಂಗ್ಲಿಷ್ ತಡವರಿಸಿದವರು ಔಟ್. ಎರಡನೇ ವರ್ಷ ಅವರು ಎಷ್ಟೇ ಕಲಿತಿದ್ದರೂ ಮತ್ತೆ ಯಾರೂ ಕೇಳಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಸೀಟು ಸಿಕ್ಕಿದೆ, ಹಾಗಾಗಿ ಈ ಮಾತು ನಾವೇ ಎತ್ತಬೇಕು.

'ಜಾಗ ಕಡಿಮೆ' ಅಂತಾರೆ ಸೀನಿಯರ್ಸ್. ಒಪ್ತೀವಿ. ಪಟ್ಟಿ ಇರಲಿ, ಆದರೆ ಅದೊಂದೇ ಬಾಗಿಲು ಆಗೋದು ಬೇಡ. ವರ್ಷಕ್ಕೊಂದು ಓಪನ್ ರೌಂಡ್ ಇಡೋಣ. ಯಾವ ವರ್ಷದವರಾದರೂ ಬಂದು ತಾವು ಮಾಡಿದ ಕೆಲಸ ತೋರಿಸಲಿ, ಕನ್ನಡದಲ್ಲೇ ವಿವರಿಸಲಿ. ಅದರಲ್ಲಿ ನಮ್ಮ ಸೀಟೇ ಹೋದರೂ ಹೋಗಲಿ, ಮುಂದಿನ ವರ್ಷ ನಮಗೂ ಅದೇ ಬಾಗಿಲು ಇರುತ್ತಲ್ಲ!