ಐದೋ, ಆರೋ?

ಐವತ್ತೊಂದರಲ್ಲಿ ನೂರಕ್ಕೆ ಹತ್ತರಂತೆ ಎಷ್ಟಾಗುತ್ತದೆ, ಹೇಳಿ ನೋಡೋಣ. ಐದು ಮತ್ತು ಒಂದು ಚೂರು. ಹಾಲಿನವನ ಲೆಕ್ಕ ಚುಕ್ತಾ ಮಾಡುವಾಗ ಅಂಥ ಚೂರನ್ನು ನಾವು ಬಿಟ್ಟೇ ಬಿಡುತ್ತೇವೆ. ಆದರೆ 2021ರಲ್ಲಿ ಪೆಸಿಫಿಕ್ ಸಾಗರದ ಸಮೋವಾ ಎಂಬ ಪುಟ್ಟ ದೇಶದಲ್ಲಿ ಈ ಚೂರಿನಿಂದಾಗಿ ಒಬ್ಬ ಹೆಣ್ಣುಮಗಳು ಪ್ರಧಾನಿಯಾಗುವುದೇ ತಪ್ಪಿಹೋಗುವ ಹಾಗಿತ್ತು. ಅದೂ ಹೆಂಗಸರ ಒಳ್ಳೆಯದಕ್ಕೆಂದೇ ಮಾಡಿದ ಕಾನೂನಿನ ಹೆಸರಿನಲ್ಲಿ!

ಸಮೋವಾದ ಜನಸಂಖ್ಯೆ ಸುಮಾರು ಎರಡು ಲಕ್ಷ, ಅಷ್ಟೆ. 1962ರಲ್ಲಿ ನ್ಯೂಜಿಲೆಂಡಿನ ಕೈಯಿಂದ ಸ್ವತಂತ್ರವಾಯಿತು. ಸ್ವತಂತ್ರವಾದರೂ ಎಲ್ಲರಿಗೂ ಓಟು ಬರಲಿಲ್ಲ. ಅಲ್ಲಿ ಪ್ರತಿಯೊಂದು ದೊಡ್ಡ ಕುಟುಂಬಕ್ಕೂ ಒಬ್ಬ ಯಜಮಾನ ಇರುತ್ತಾನೆ. ಅವನಿಗೆ ‘ಮತಾಯಿ’ ಎಂದು ಹೆಸರು. ದಾಯಾದಿಗಳೆಲ್ಲ ಕೂತು ಮಾತಾಡಿ ಅವನಿಗೆ ಮನೆತನದ ಬಿರುದು ಕೊಡುತ್ತಾರೆ. ಜಮೀನಿನ ಮೇಲ್ವಿಚಾರಣೆ, ಊರಿನ ಪಂಚಾಯಿತಿಯಲ್ಲಿ ಮಾತು, ಎಲ್ಲ ಅವನದೇ. ದೇಶದ ಓಟೂ ಹೆಚ್ಚುಕಡಿಮೆ ಈ ಮತಾಯಿಗಳದೇ ಆಗಿತ್ತು. ಮತಾಯಿ ಎಂಬ ಶಬ್ದದಲ್ಲಿ ನಮ್ಮ ಕಿವಿಗೆ ‘ತಾಯಿ’ ಕೇಳಿಸುತ್ತಾಳೆ, ಆದರೆ ಆ ಪಟ್ಟದಲ್ಲಿ ಕೂತ ಹೆಂಗಸರು ಗಂಡಸರಿಗಿಂತ ಬಹಳ ಕಡಿಮೆ. ಹೆಂಗಸು ಮತಾಯಿ ಆಗಬಾರದೆಂದು ದೇಶದ ಕಾನೂನು ಹೇಳುವುದಿಲ್ಲ. ಹಾಗಿದ್ದೂ ಹೆಂಗಸಿಗೆ ಬಿರುದೇ ಇಲ್ಲ ಎನ್ನುವ ಹಳ್ಳಿಗಳು ಅಲ್ಲಿವೆ.

ಹಾಗಾದರೆ ಅಲ್ಲಿನ ಹೆಂಗಸರು ಮೂಲೆಯಲ್ಲಿದ್ದಾರೆಯೇ ಅಂತೀರಾ? ಹಾಗೇನಿಲ್ಲ. ಒಡಹುಟ್ಟಿದ ಅಕ್ಕತಂಗಿಯರಿಗೆ ಅಲ್ಲಿ ಬಹಳ ಮರ್ಯಾದೆ. 1920ರ ದಶಕದಿಂದಲೂ ಹಳ್ಳಿಗಳಲ್ಲಿ ಹೆಂಗಸರ ಸಮಿತಿಗಳಿವೆ. ಕೂಸುಗಳ ಆರೈಕೆ, ಮನೆಮನೆಯ ಚೊಕ್ಕಟ, ಎಲ್ಲ ಅವರ ಉಸ್ತುವಾರಿ. ಮದುವೆಗೂ ಸಾವಿಗೂ ಬೇಕಾಗುವ ನವಿರಾದ ಚಾಪೆಗಳನ್ನು ತಿಂಗಳುಗಟ್ಟಲೆ ಕೂತು ಹೆಣೆಯುವವರೂ ಅವರೇ. ಸೊಸೆಯಾಗಿ ಬಂದವಳ ಪಾಡು ಮಾತ್ರ ಬೇರೆ. ಗಂಡನ ಮನೆಯವರಿಗೆಲ್ಲ ಬೇಯಿಸಿ ಹಾಕುವುದು ಅವಳ ಕೆಲಸ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಚುನಾವಣೆ ಬಂತೆಂದರೆ ಓಟಿಗಾಗಿಯೇ ಹೊಸ ಹೊಸ ಮತಾಯಿಗಳನ್ನು ಮಾಡುವ ಚಾಳಿ ಶುರುವಾಯಿತು. ಬಿರುದಿನ ಬೆಲೆ ಕೆಡುತ್ತಾ ಬಂತು. ಕೊನೆಗೆ 1990ರಲ್ಲಿ ಎಲ್ಲ ವಯಸ್ಕರ ಅಭಿಪ್ರಾಯ ಕೇಳಿದರು. ಸ್ವಲ್ಪ ಅಂತರದಲ್ಲಿ ‘ಆಗಲಿ’ ಎಂಬವರು ಗೆದ್ದರು. 1991ರ ಚುನಾವಣೆಯಿಂದ ಇಪ್ಪತ್ತೊಂದು ತುಂಬಿದ ಎಲ್ಲ ಹೆಂಗಸರಿಗೂ ಗಂಡಸರಿಗೂ ಓಟು ಬಂತು. ಆದರೆ ಚುನಾವಣೆಗೆ ನಿಲ್ಲುವವರು ಮತಾಯಿಯೇ ಆಗಿರಬೇಕು ಎಂಬುದು ಹಾಗೇ ಉಳಿಯಿತು. ಊಟಕ್ಕೆ ಕರೆದು ಎಲೆ ಹಾಕದೆ ಕೂಡಿಸಿದ ಹಾಗೆ!

ಪಾರ್ಲಿಮೆಂಟಿನಲ್ಲಿ ಹೆಂಗಸರು ಒಬ್ಬರೋ ಇಬ್ಬರೋ ಎನ್ನುವಂತಾದಾಗ 2013ರಲ್ಲಿ ಸಂವಿಧಾನ ತಿದ್ದಿದರು. ನೂರಕ್ಕೆ ಹತ್ತರಷ್ಟಾದರೂ ಹೆಂಗಸರಿರಬೇಕು, ಆಗಿನ 49 ಸ್ಥಾನಕ್ಕೆ ಅಂದರೆ ಐವರು. ಅಷ್ಟು ಜನ ಗೆಲ್ಲದಿದ್ದರೆ, ಸೋತ ಹೆಂಗಸರಲ್ಲಿ ಹೆಚ್ಚು ಪಾಲು ಓಟು ಪಡೆದವರಿಗೆ ಹೆಚ್ಚುವರಿ ಕುರ್ಚಿ ಹಾಕಬೇಕು. ನೂರಕ್ಕೆ ಹತ್ತು ಎಂಬುದೇ ಜಿಪುಣತನ ಎಂದು ನನಗೆ ಅನಿಸುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. 2016ರಲ್ಲಿ ನಾಲ್ವರು ಗೆದ್ದರು, ಐದನೆಯವರನ್ನು ಹಾಗೆ ಸೇರಿಸಿಕೊಂಡರು. ಯಾರೂ ಗಲಾಟೆ ಮಾಡಲಿಲ್ಲ.

ಗಲಾಟೆ ಆದದ್ದು 2021ರಲ್ಲಿ. ಫಿಯಾಮೆ ನವೋಮಿ ಮಾತಾಫಾ ಎಂಬಾಕೆ ದೇಶದ ಮೊದಲ ಪ್ರಧಾನಿಯ ಮಗಳು. ತಂದೆ 1975ರಲ್ಲಿ ತೀರಿಕೊಂಡ ಮೇಲೆ, ಇಪ್ಪತ್ತರ ಆಸುಪಾಸಿನಲ್ಲೇ, ಮನೆತನದ ಬಿರುದಿಗಾಗಿ ಕೋರ್ಟು ಹತ್ತಿ ಅದನ್ನು ಪಡೆದವರು. 1985ರಿಂದ ಪಾರ್ಲಿಮೆಂಟಿನಲ್ಲಿದ್ದು ಉಪಪ್ರಧಾನಿಯೂ ಆಗಿದ್ದವರು. ಆ ಸ್ಥಾನ ಬಿಟ್ಟುಬಂದು ಹೊಸ ಪಕ್ಷದ ಮುಂದಾಳಾಗಿ ಚುನಾವಣೆಗೆ ನಿಂತರು. ಏಪ್ರಿಲ್ 9ರ ಚುನಾವಣೆಯಲ್ಲಿ 51 ಸ್ಥಾನಗಳ ಪೈಕಿ ಅವರ ಪಕ್ಷಕ್ಕೆ 25, ಸುಮಾರು ನಾಲ್ಕು ದಶಕ ಆಳಿದ ಹಳೆಯ ಪಕ್ಷಕ್ಕೂ 25, ಒಬ್ಬರು ಪಕ್ಷೇತರ. ಆ ಪಕ್ಷೇತರರು ಕೊನೆಗೆ ಫಿಯಾಮೆಯವರ ಕಡೆ ಬಂದರು.

ಅಷ್ಟರಲ್ಲಿ ಚುನಾವಣಾ ಕಚೇರಿಯಿಂದ ಒಂದು ಪ್ರಕಟಣೆ ಬಂತು. ಗೆದ್ದ ಹೆಂಗಸರು ಐವರು. 51ರ ಹತ್ತನೇ ಒಂದು ಭಾಗ ಐದಕ್ಕಿಂತ ಚೂರು ಜಾಸ್ತಿ, ಆದ್ದರಿಂದ ಆರನೆಯವರು ಬೇಕು ಎಂದು! ಆ ಆರನೆಯವರು ಹಳೆಯ ಪಕ್ಷದವರು. ಆಗ 26ಕ್ಕೆ 26 ಸಮಸಮ. ಇಷ್ಟು ವರ್ಷ ಇಲ್ಲದ ಅಕ್ಕರೆ ಆ ಗಳಿಗೆಯಲ್ಲಿ ಎಲ್ಲಿಂದ ಬಂತೋ!

ಮೇ 17ರಂದು ಸುಪ್ರೀಂ ಕೋರ್ಟು ಐದೇ ಸಾಕು ಎಂದಿತು. ಮತ್ತೆ ಚುನಾವಣೆ ಮಾಡಿ ಎಂಬ ಆಜ್ಞೆಯನ್ನೂ ತಳ್ಳಿಹಾಕಿತು. ಮೇ 24ರಂದು ಗೆದ್ದವರು ಬಂದು ನೋಡಿದರೆ ಪಾರ್ಲಿಮೆಂಟಿಗೆ ಬೀಗ. ಮುಖ್ಯ ನ್ಯಾಯಾಧೀಶರೇ ನಡೆದು ಬಂದು, ಬಾಗಿಲು ಹಾಕಿರುವುದನ್ನು ಕಂಡು ಹಿಂತಿರುಗಿದರು. ಆ ದಿನ ಅಂಗಳದಲ್ಲೇ ಒಂದು ಡೇರೆ ಹಾಕಿ, ಅದರೊಳಗೆ ಫಿಯಾಮೆ ಪ್ರಮಾಣವಚನ ತೆಗೆದುಕೊಂಡರು. ಅರವತ್ತನಾಲ್ಕರ ಆಕೆಯ ಜಾಗದಲ್ಲಿ ನಾವಿದ್ದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಡುತ್ತಿದ್ದೆವೋ ಏನೋ.

ಜುಲೈ 23ರಂದು ಮೇಲ್ಮನವಿ ನ್ಯಾಯಾಲಯ ಡೇರೆಯಲ್ಲಿ ಮಾಡಿದ ಪ್ರಮಾಣವೇ ಸರಿ ಎಂದಿತು. ಸಮೋವಾಕ್ಕೆ ಮೊದಲ ಮಹಿಳಾ ಪ್ರಧಾನಿ ಸಿಕ್ಕರು. ತಮಾಷೆ ಏನೆಂದರೆ, ಅದಕ್ಕೆ ಮೊದಲೇ ಜೂನಿನಲ್ಲಿ ಅದೇ ನ್ಯಾಯಾಲಯ ಐದಲ್ಲ, ಆರು ಹೆಂಗಸರು ಇರಲೇಬೇಕು, ಆದರೆ ಉಪಚುನಾವಣೆಗಳೆಲ್ಲ ಮುಗಿದ ಮೇಲೆ ಲೆಕ್ಕ ಹಾಕಿ ಎಂದಿತ್ತು. ಹಾಗಾಗಿ ಆ ಚೂರು ವ್ಯರ್ಥವಾಗಲಿಲ್ಲ, ಹೆಂಗಸರ ಪಾಲಿಗೇ ಬಂತು.

2025ರ ಮೇ ತಿಂಗಳಲ್ಲಿ ಬಜೆಟ್ಟಿಗೆ ಓಟು ಸಾಲದೆ ಫಿಯಾಮೆ ಸರ್ಕಾರ ಬಿತ್ತು. ಆಗಸ್ಟಿನಲ್ಲಿ ಚುನಾವಣೆ ನಡೆದು ಬೇರೆಯವರು ಪ್ರಧಾನಿಯಾದರು. ಆಗಲೂ ಚುನಾವಣೆಗೆ ನಿಂತವರೆಲ್ಲ, ಹೆಂಗಸರಾಗಲಿ ಗಂಡಸರಾಗಲಿ, ಮೊದಲು ದಾಯಾದಿಗಳ ನಡುವೆ ಕೂತು ಬಿರುದು ಪಡೆದೇ ಬಂದವರು.