ಗುಣವಾಗದ ರೋಗಕ್ಕೂ ಶುಶ್ರೂಷೆಯುಂಟು

“ಇನ್ನು ಇಲ್ಲಿ ಮಾಡುವಂಥದ್ದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ” ಎಂಬ ಮಾತನ್ನು ಕೇಳಿ ಆಸ್ಪತ್ರೆಯ ಮೆಟ್ಟಿಲಿಳಿದು ಬಂದ ಕುಟುಂಬಗಳು ನಮ್ಮ ಗಡಿನಾಡಿನಲ್ಲಿ ಎಷ್ಟೋ ಇವೆ. ಕೇಳಿದವರ ಪಾಲಿಗೆ ಅದು ಕೊನೆಯ ತೀರ್ಪಿನಂತೆ ತೋರುತ್ತದೆ. ಆದರೆ ವಾಚಕರು ಒಂದು ಸಂಗತಿಯನ್ನು ವಿವೇಚಿಸಬೇಕು. ರೋಗವನ್ನು ಗುಣಪಡಿಸುವ ಪ್ರಯತ್ನ ಅಲ್ಲಿಗೆ ಮುಗಿದಿರಬಹುದು. ರೋಗಿಯ ನೋವನ್ನು ತಗ್ಗಿಸುವ, ಅವನ ಮಾನವನ್ನು ಕಾಯುವ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ. ಆ ಕೆಲಸದ ಹೆಚ್ಚಿನ ಭಾರವನ್ನು ಹೊರುವವರು ದಾದಿಯರು.

ಈ ಶುಶ್ರೂಷೆಗೆ ಆಧುನಿಕ ಕಾಲದಲ್ಲಿ ಶಾಸ್ತ್ರದ ರೂಪ ಕೊಟ್ಟ ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಅವರು ಮೊದಲು ದಾದಿಯಾಗಿಯೇ ತರಬೇತಿ ಪಡೆದವರು. ಬೆನ್ನುನೋವಿನ ದೆಸೆಯಿಂದ ಆ ವೃತ್ತಿಯನ್ನು ಬಿಡಬೇಕಾಗಿ ಬಂದು, ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ದುಡಿದರು. ಲಂಡನ್ನಿನ ಸೈಂಟ್ ಲೂಕ್ಸ್ ಎಂಬ ಆಶ್ರಯಧಾಮಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದಾಗ ಅಲ್ಲಿನ ದಾದಿಯರ ಒಂದು ಪದ್ಧತಿ ಅವರ ಗಮನಕ್ಕೆ ಬಂತು. ರೋಗಿ ನೋವಿನಿಂದ ಕೂಗಿದ ಮೇಲೆ ಔಷಧ ಕೊಡುವುದು ಬೇರೆಡೆಯ ವಾಡಿಕೆ; ಅಲ್ಲಿ ನೋವು ಮರುಕಳಿಸುವ ಮೊದಲೇ, ಗಡಿಯಾರ ನೋಡಿ, ತಪ್ಪದೆ ಕೊಡುತ್ತಿದ್ದರು. ರೋಗಿ ಬೇಡಿಕೊಳ್ಳುವ ದೈನ್ಯವೇ ಅದರಿಂದ ತಪ್ಪುತ್ತಿತ್ತು. ಮುಂದೆ ಸಾಂಡರ್ಸ್ ವೈದ್ಯಶಾಸ್ತ್ರವನ್ನೋದಿ 1957ರಲ್ಲಿ ವೈದ್ಯೆಯಾದರು. 1967ರಲ್ಲಿ ಸೈಂಟ್ ಕ್ರಿಸ್ಟೋಫರ್ಸ್ ಎಂಬ ಶುಶ್ರೂಷಾಲಯವನ್ನು ತೆರೆದರು. ದೇಹದ ನೋವು, ಮನಸ್ಸಿನ ಭಯ, ಸಂಸಾರದ ಚಿಂತೆ, ಆತ್ಮದ ತಳಮಳ ಈ ನಾಲ್ಕೂ ಸೇರಿಯೇ ರೋಗಿಯ ನೋವು ಎಂಬುದು ಅವರ ಬೋಧನೆ.

ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನದೊಂದಿಗೆ ಇಂಥ ಸೇವೆಗೆ ನೆಲೆ ದೊರಕಿತು. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಚಿಕಿತ್ಸೆಯ ಸಂಘವನ್ನು ಕಟ್ಟಿದರು. ಹಾಸಿಗೆ ಹಿಡಿದ ರೋಗಿ ಆಸ್ಪತ್ರೆಯ ತನಕ ಬರಲಾರನೆಂಬುದನ್ನು ಮನಗಂಡು, ಊರಿನವರನ್ನೇ ತರಬೇತಿಗೊಳಿಸಿ ರೋಗಿಯ ಮನೆಗೆ ಶುಶ್ರೂಷೆಯನ್ನು ಒಯ್ಯುವ ವ್ಯವಸ್ಥೆ 1999ರಿಂದ ಬೆಳೆಯಿತು. 2008ರಲ್ಲಿ ಕೇರಳ ಸರಕಾರವು ಇದಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ಭಾರತದ ರಾಜ್ಯಗಳಲ್ಲಿ ಅದೇ ಮೊದಲನೆಯದು. ಪಂಚಾಯತಿನ ಆಶ್ರಯದಲ್ಲಿ ದಾದಿ, ಆಶಾ ಕಾರ್ಯಕರ್ತೆ ಮತ್ತು ಸ್ವಯಂಸೇವಕರ ತಂಡ ಮನೆ ಬಾಗಿಲಿಗೆ ಬರುವುದನ್ನು ಕಾಸರಗೋಡು, ಮಂಜೇಶ್ವರದ ಕನ್ನಡ ಕುಟುಂಬಗಳೂ ಕಂಡಿವೆ.

ಇದರ ಬೆಲೆ ನಮಗೆ ಚೆನ್ನಾಗಿ ತಿಳಿದಿರಬೇಕು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಬವಣೆಯನ್ನು ಯಾರೂ ಮರೆತಿಲ್ಲ. ದೂರದ ದೊಡ್ಡ ಆಸ್ಪತ್ರೆಯ ಜೊತೆಗೆ ಮನೆಯ ಹತ್ತಿರದ ಶುಶ್ರೂಷೆಯೂ ಇರಲೇಬೇಕೆಂಬುದನ್ನು ಆ ದಿನಗಳು ಕಲಿಸಿದವು.

ದಾದಿಯರ ಕರುಣೆ ಎಂದೊಡನೆ ಮೃದುವಾದ ನಗೆ, ಸಿಹಿಯಾದ ಮಾತು ಎಂದಷ್ಟೇ ನಾವು ಭಾವಿಸುತ್ತೇವೆ. ಅವು ಬೇಕು, ಆದರೆ ಸಾಲವು. ಮಲಗಿದಲ್ಲೇ ಇರುವ ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಹಾಸಿಗೆ ಹುಣ್ಣು ಏಳುತ್ತದೆ. ಅದನ್ನು ತಡೆಯುವುದು ಕರುಣೆ. ನೋವು ಎಷ್ಟಿದೆ ಎಂಬುದನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ಹೇಳಿಸಿ, ಬರೆದಿಟ್ಟು, ಮರುದಿನ ಹೋಲಿಸಿ ನೋಡುವುದು ಕರುಣೆ. ಬಾಯಿಯ ಕ್ಯಾನ್ಸರಿನ ವ್ರಣ ದುರ್ವಾಸನೆ ಬೀರತೊಡಗಿದಾಗ ಮನೆಯವರೇ ದೂರ ಸರಿಯುತ್ತಾರೆ. ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ವ್ರಣವನ್ನು ತೊಳೆದು, ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಉದುರಿಸಿ ಕಟ್ಟಿದರೆ ವಾಸನೆ ಬಹಳಷ್ಟು ತಗ್ಗುತ್ತದೆಂಬುದನ್ನು ಬಲ್ಲ ದಾದಿಯು ಆ ಅಜ್ಜನಿಗೆ ಅವನ ಮೊಮ್ಮಕ್ಕಳನ್ನೇ ಮರಳಿ ಕೊಟ್ಟಂತೆ.

ಮಾರ್ಫಿನ್ ಮಾತ್ರೆಯ ವಿಚಾರವೂ ಹೀಗೆಯೇ. “ಅದು ಅಫೀಮು, ಚಟ ಹಿಡಿದೀತು” ಎಂಬ ಭಯ ನಮ್ಮಲ್ಲಿ ಬಲವಾಗಿದೆ. 1985ರ ಮಾದಕ ದ್ರವ್ಯ ಕಾನೂನಿನ ಕಟ್ಟುಪಾಡುಗಳಿಂದಾಗಿ ಬಹುಕಾಲ ಆಸ್ಪತ್ರೆಗಳೂ ಅದನ್ನು ಇರಿಸಿಕೊಳ್ಳಲು ಹಿಂಜರಿದವು. 2014ರ ತಿದ್ದುಪಡಿ ದಾರಿಯನ್ನು ಸ್ವಲ್ಪ ಸುಗಮಗೊಳಿಸಿತು. ವೈದ್ಯರ ನಿಗಾದಲ್ಲಿ, ಕ್ಯಾನ್ಸರಿನ ನೋವಿಗೆ ತಕ್ಕ ಪ್ರಮಾಣದಲ್ಲಿ ತೆಗೆದುಕೊಂಡವರಿಗೆ ಚಟ ಹತ್ತುವುದು ವಿರಳ. ಮಲಬದ್ಧತೆ ಮಾತ್ರ ಸಾಮಾನ್ಯ. ಅದಕ್ಕೂ ಮೊದಲೇ ಔಷಧ ಕೊಡುತ್ತಾರೆ. ಇದನ್ನೆಲ್ಲ ಮನೆಯವರಿಗೆ ತಾಳ್ಮೆಯಿಂದ, ಮೂರು ಸಲ ಕೇಳಿದರೆ ಮೂರು ಸಲವೂ ತಿಳಿಸಿ ಹೇಳುವವರು ದಾದಿಯರೇ.

ಕರುಣೆ ಹುಟ್ಟಿನಿಂದ ಬರತಕ್ಕ ಗುಣ, ಕಲಿಸಿ ಬರುವಂಥದ್ದಲ್ಲ ಎಂದು ಕೆಲವರು ವಾದಿಸುತ್ತಾರೆ. ಶಿಕ್ಷಕರ ತರಬೇತಿ ಶಾಲೆಯಲ್ಲಿ ಕಲಿತ ನನಗೆ ಈ ವಾದ ಒಪ್ಪಿಗೆಯಾಗದು. ಮಗುವಿನ ಎದುರು ನಿಂತು ಗದರಿಸುವ ಬದಲು ಅದರ ಎತ್ತರಕ್ಕೆ ಬಾಗಿ ಮಾತಾಡಬೇಕೆಂಬುದನ್ನು ನಮಗೆ ಅಭ್ಯಾಸ ಮಾಡಿಸಿಯೇ ಕಲಿಸಿದರು. ಹಾಗೆಯೇ ರೋಗಿಯ ಪಕ್ಕದಲ್ಲಿ ಕುಳಿತು ಮಾತಾಡುವುದು, ಮೈ ಒರೆಸುವಾಗ ಪರದೆ ಎಳೆಯುವುದು, ಮುಟ್ಟುವ ಮುನ್ನ ಹೇಳಿ ಮುಟ್ಟುವುದು, ಪ್ರಜ್ಞೆ ತಪ್ಪಿದವರ ಹಾಸಿಗೆಯ ಬಳಿಯಲ್ಲೂ ಅವರಿಗೆ ಕೇಳಿಸುತ್ತಿದೆ ಎಂದೇ ತಿಳಿದು ಮೆಲ್ಲನೆ ನುಡಿಯುವುದು ಇವೆಲ್ಲ ಅಭ್ಯಾಸದಿಂದ ಬರುವ ಸಂಸ್ಕಾರಗಳು. ಒಬ್ಬರ ಕರುಣೆ ಆಯಾಸದಿಂದ ಬತ್ತಿದಾಗ ಇನ್ನೊಬ್ಬರು ಆ ಸ್ಥಾನದಲ್ಲಿ ನಿಲ್ಲಬೇಕು. ಆದುದರಿಂದಲೇ ಇದು ತಂಡದ ಕೆಲಸ.

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಗಟ್ಟಿಯಿದ್ದಾಗ ನಾಲ್ಕು ಭಾಷೆಗಳಲ್ಲಿ ವ್ಯವಹರಿಸಿದ ಹಿರಿಯರು ಕಾಯಿಲೆ ಬಲಿತ ಮೇಲೆ ತಾಯಿನುಡಿಯೊಂದನ್ನೇ ಆಡತೊಡಗುತ್ತಾರೆ. ನಮ್ಮ ಊರಿನ ವೃದ್ಧರೊಬ್ಬರು ಕೊನೆಯ ತಿಂಗಳುಗಳಲ್ಲಿ ಕನ್ನಡವನ್ನಲ್ಲದೆ ಬೇರೇನನ್ನೂ ಆಡುತ್ತಿರಲಿಲ್ಲ. ಮನೆಗೆ ಬರುತ್ತಿದ್ದ ದಾದಿ ದಕ್ಷಿಣದ ಜಿಲ್ಲೆಯವಳು, ಮಲೆಯಾಳ ಮಾತ್ರ ಬಲ್ಲವಳು. ಆಕೆ ಸೊಸೆಯನ್ನು ಕೇಳಿ ಕೆಲವು ಮಾತುಗಳನ್ನು ತನ್ನ ಪುಸ್ತಕದಲ್ಲಿ ಮಲೆಯಾಳ ಲಿಪಿಯಲ್ಲಿ ಬರೆದುಕೊಂಡಳು. “ನೋವುಂಟಾ ಅಜ್ಜಾ?” ಎಂದು ಆಕೆ ಮೊದಲ ಸಲ ಕೇಳಿದಾಗ, ಅದುವರೆಗೆ ಗೋಡೆಯತ್ತ ಮುಖ ಮಾಡಿ ಮಲಗುತ್ತಿದ್ದವರು ಹೊರಳಿ, “ರಾತ್ರಿ ಹೆಚ್ಚು ಮಗಳೇ, ಹಗಲು ತಡೆದುಕೊಳ್ಳಬಹುದು” ಎಂದರು. ಆ ಒಂದು ಉತ್ತರದಿಂದ ರಾತ್ರಿಯ ಔಷಧದ ಪ್ರಮಾಣವನ್ನು ವೈದ್ಯರು ಸರಿಪಡಿಸುವುದಕ್ಕಾಯಿತು. ಭಾಷೆ ಅಲ್ಲಿ ಅಭಿಮಾನದ ವಿಷಯವಾಗಿರಲಿಲ್ಲ. ಚಿಕಿತ್ಸೆಯ ಒಂದು ಅಂಗವೇ ಆಗಿತ್ತು. ‘ನೋವು’ ಎಂಬ ಶಬ್ದ ಮಲೆಯಾಳದಲ್ಲೂ ಇದೆ, ‘ವೇದನೆ’ಯೂ ಇದೆ. ಕಲಿಯುವ ಮನಸ್ಸುಳ್ಳವರಿಗೆ ದಾರಿ ದೂರವಲ್ಲ.

ಆದುದರಿಂದ ವಾಚಕರಲ್ಲಿ ಎರಡು ವಿಜ್ಞಾಪನೆಗಳು. ಮೊದಲನೆಯದು: ಮನೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ಇಂಥ ರೋಗಿಯಿದ್ದರೆ ನೋವು, ಬಾಯಾರಿಕೆ, ಉಸಿರು, ಚಳಿ, ಮಗ್ಗುಲು, ಮೂತ್ರ, ಭಯ, ಸಾಕು, ಬೇಕು, ಬೇಡ ಎಂಬ ಹತ್ತು ಮಾತುಗಳನ್ನು ದಾದಿಯರು ಓದಬಲ್ಲ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥವನ್ನೂ ಬರೆದು ಮಂಚದ ತಲೆದೆಸೆಯಲ್ಲಿ ಅಂಟಿಸಿರಿ. ಸೊಲ್ಲಾಪುರದಲ್ಲಿ ಮರಾಠಿ, ಹೊಸೂರಿನಲ್ಲಿ ತಮಿಳು, ಆದವಾನಿಯಲ್ಲಿ ತೆಲುಗು ಹೀಗೆ ಆಯಾ ಊರಿಗೆ ತಕ್ಕಂತೆ ಬರೆಯಬಹುದು. ನಮ್ಮ ಶಾಲೆಯ ಮಕ್ಕಳೇ ಇದನ್ನು ಅಂದವಾಗಿ ಮಾಡಿಕೊಡಬಲ್ಲರು.

ಎರಡನೆಯದು: ದಾದಿಯರೂ ಮನುಷ್ಯರೆಂಬುದನ್ನು ನೆನಪಿಡೋಣ. ಒಂದು ಮನೆಯಲ್ಲಿ ಸಾವನ್ನು ಕಂಡು, ಕೈ ತೊಳೆದು, ಮುಂದಿನ ಮನೆಯಲ್ಲಿ ಇನ್ನೊಬ್ಬರ ಕೈ ಹಿಡಿಯಬೇಕಾದ ವೃತ್ತಿ ಅದು. ಬಂದವರಿಗೆ ಕೂರಲು ಒಂದು ಕುರ್ಚಿ, ಕುಡಿಯಲು ನೀರು, ತೊಳೆಯಲು ಸಾಬೂನು ಸಿದ್ಧವಾಗಿರಲಿ. ಸಂಬಳ ಪಡೆಯುವವರಲ್ಲವೇ ಎಂಬ ಉದಾಸೀನದ ಮಾತು ಬೇಡ. ಮಗ್ಗುಲು ಬದಲಿಸುವ, ಬಾಯಿಗೆ ಒದ್ದೆ ಹತ್ತಿ ಇಡುವ ಕ್ರಮವನ್ನು ಅವರಿಂದ ಮನೆಯ ಗಂಡಸರೂ ಕಲಿಯಲಿ. ಸೊಸೆಯೊಬ್ಬಳ ತಲೆಗೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ದಾದಿ ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದು ಹೋಗುವಳು. ಉಳಿದ ದಿನಗಳ ಶುಶ್ರೂಷೆ ನಮ್ಮ ಕೈಯಲ್ಲೇ ಇದೆ.